ನಾಲ್ಕನೇ ಮೊಳೆಯ ಕಾರ್ಡು

ಗುರುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನೆಲಮಹಡಿಯ ಟೈಲರಕ್ಕನಿಗೆ ಸೂಪರ್‌ಮಾರ್ಕೆಟ್ಟಿನಿಂದ ಒಂದು ಫೋನ್ ಬಂತು. ಎರಡು ನಿಮಿಷ ಮಾತಾಡಿ ಅವಳು ಅದನ್ನು ಕಟ್ ಮಾಡಿದಳು.

ಆ ಕಡೆ ಇದ್ದದ್ದು ಒಬ್ಬ ಹುಡುಗಿ. ಕಾಗದ ನೋಡಿಕೊಂಡು ಓದುವವರ ದನಿ. ಸೋಮವಾರ ಸಂಜೆ 6.42ಕ್ಕೆ ನಿಮ್ಮ ಪಾಯಿಂಟ್ ಕಾರ್ಡಿನಲ್ಲಿ ಮಗುವಿನ ಹಾಲಿನ ಪುಡಿಯ ಎರಡು ಡಬ್ಬ ಖರೀದಿಯಾಗಿದೆ, ಆ ಬ್ಯಾಚಿನ ಡಬ್ಬಗಳನ್ನು ಕಂಪನಿ ವಾಪಸ್ ತರಿಸಿಕೊಳ್ಳುತ್ತಿದೆ, ದಯವಿಟ್ಟು ಮಗುವಿಗೆ ಕೊಡಬೇಡಿ ಎಂದಳು. ಟೈಲರಕ್ಕ ಆಗ ಒಂದು ಕೋಟಿನ ಒಳಪದರದ ಹೊಲಿಗೆ ಬಿಚ್ಚುತ್ತಿದ್ದಳು. ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು. ಹಿಂದಿನ ವಾರವಷ್ಟೇ ಬ್ಯಾಂಕಿನವನೆಂದು ಹೇಳಿಕೊಂಡ ಒಬ್ಬ ಅವಳ ಗಂಡನ ಬಾಯಿಂದ ಗುಟ್ಟಿನ ಸಂಖ್ಯೆ ಹೊರಡಿಸಲು ಅರ್ಧ ಗಂಟೆ ಕಾಡಿದ್ದ. ಇದೂ ಅದೇ ಜಾತಿ ಎಂದುಕೊಂಡಳು.

“ನಮ್ಮನೇಲಿ ಎಳೇ ಮಗು ಅಂದ್ರೆ ನಮ್ಮ ಯಜಮಾನ್ರು,” ಎಂದಳು. “ಐವತ್ತೆರಡು ವರ್ಷ. ಕಾಫಿ ಕುಡೀತಾರೆ. ಬೇರೆ ಯಾರನ್ನಾದ್ರೂ ನೋಡಮ್ಮ.”

ಹುಡುಗಿ ನಗಲಿಲ್ಲ. ಹಾಗಾದರೆ ಗ್ರಾಹಕರಿಗೆ ಮಾಹಿತಿ ತಲುಪಿದೆ ಎಂದು ಬರೆದುಕೊಳ್ಳಲೇ ಎಂದು ಕೇಳಿದಳು. ಬರ್ಕೋ ಎಂದಳು ಟೈಲರಕ್ಕ.

ಅವಳ ಕೈ ನಿಂತದ್ದು ಏಳು ಮೂವತ್ತೈದಕ್ಕೆ. ಕತ್ತರಿಯನ್ನು ಮೇಜಿನ ಮೇಲಿಟ್ಟು ಅವಳು ಮೆಟ್ಟಿಲ ಕೆಳಗಿನ ಹಲಗೆಯ ಹತ್ತಿರ ಹೋದಳು.

ಆ ಹಲಗೆಯ ವಿಷಯ ಹೇಳಬೇಕು. ಕಟ್ಟಡಕ್ಕೆ ಮೂರು ಮಹಡಿ, ಎಂಟು ಮನೆ. ಸುತ್ತಲಿನ ಬೀದಿಗಳಲ್ಲಿ ಕಾರ್ಡು ಕೊಡದ ಅಂಗಡಿಯೇ ಇರಲಿಲ್ಲ. ದಿನಸಿಗೆ ಎರಡು, ಔಷಧಕ್ಕೆ ಮೂರು, ಚಪ್ಪಲಿಗೆ, ಬ್ರೆಡ್ಡಿಗೆ, ಪೆಟ್ರೋಲಿಗೆ ಒಂದೊಂದು. ಕನ್ನಡಕದಂಗಡಿಯವರೂ ಒಂದು ಕೊಟ್ಟಿದ್ದರು, ಜನ ವಾರಕ್ಕೊಂದು ಕನ್ನಡಕ ಕೊಳ್ಳುತ್ತಾರೆ ಎಂಬಂತೆ. ಪರ್ಸುಗಳು ಕಪ್ಪೆ ನುಂಗಿದ ಹಾವಿನಂತೆ ಉಬ್ಬಿದ್ದವು. ಎರಡನೇ ಮಹಡಿಯಲ್ಲಿ ಲಿಫ್ಟ್ ರಿಪೇರಿ ಕೆಲಸದವನೊಬ್ಬನಿದ್ದ, ಎಲ್ಲರಿಗೂ ಲಿಫ್ಟಣ್ಣ. ಒಮ್ಮೆ ಹೊಟ್ಟೆನೋವಿನ ಮಾತ್ರೆ ತರಲು ಹೋದವನು ಔಷಧದಂಗಡಿಯ ಕೌಂಟರಿನ ಮೇಲೆ ಹನ್ನೊಂದು ಕಾರ್ಡು ಒಂದೊಂದಾಗಿ ಹಾಸಿದನಂತೆ. ಅಲ್ಲಿದ್ದವಳು, ಇಸ್ಪೀಟಿಗೆ ಕೈ ಕಡಿಮೆ ಇದೆ, ಸಂಜೆ ಬನ್ನಿ ಎಂದಳಂತೆ. ಅದರ ಮರುದಿನವೇ ಅವನು ಒಂದು ಪ್ಲೈವುಡ್ ಹಲಗೆಗೆ ಹದಿನಾಲ್ಕು ಮೊಳೆ ಹೊಡೆದು ಮೆಟ್ಟಿಲ ಕೆಳಗೆ ನೇತುಹಾಕಿದ. ಇಡೀ ಕಟ್ಟಡಕ್ಕೆ ಅಂಗಡಿಗೊಂದೇ ಕಾರ್ಡು. ಹೋಗುವವರು ಬೇಕಾದ್ದನ್ನು ತೆಗೆದುಕೊಂಡು ಹೋಗುವುದು, ಬಂದು ನೇತುಹಾಕುವುದು. ಅರ್ಜಿಯಲ್ಲಿ ಒಬ್ಬರ ಹೆಸರು, ಒಂದು ಫೋನ್ ನಂಬರು ಬೇಕಿತ್ತು. ಟೈಲರಕ್ಕ ಸದಾ ಮನೆಯಲ್ಲಿರುವವಳು. ಅವಳದನ್ನೇ ಕೊಟ್ಟರು.

ಇನ್ನೊಂದು ಪದ್ಧತಿಯನ್ನು ತಂದದ್ದು ಮೊದಲ ಮಹಡಿಯ ಪಾಯಿಂಟಜ್ಜಿ. ಕ್ಯೂನಲ್ಲಿ ನಿಮ್ಮ ಮುಂದಿನವರ ಹತ್ತಿರ ಕಾರ್ಡಿಲ್ಲದಿದ್ದರೆ ನಮ್ಮದನ್ನು ಚಾಚಿ ಎನ್ನುವುದು ಅವಳ ಉಪದೇಶ. ಅವರಿಗೆ ರಿಯಾಯಿತಿ, ನಮಗೆ ಪಾಯಿಂಟು. ಹರಿದುಹೋಗುವ ನೀರಿಗೆ ಬಿಂದಿಗೆ ಒಡ್ಡಿದರೆ ಯಾರಪ್ಪನ ಗಂಟು ಹೋಯಿತು ಎಂದು ಅವಳು ಕೇಳುತ್ತಿದ್ದಳು. ಹೀಗೆ ಎರಡು ವರ್ಷ ನಡೆಯಿತು. ಅಂಗಡಿಯ ಕಂಪ್ಯೂಟರಿನ ಪ್ರಕಾರ ಟೈಲರಕ್ಕ ಒಬ್ಬಳೇ ಗಡ್ಡ ಹೆರೆಯುವ ಬ್ಲೇಡು, ಬೆಕ್ಕಿನ ಆಹಾರ, ಮೂರು ಬಗೆಯ ತಲೆಗೂದಲ ಬಣ್ಣ ಕೊಳ್ಳುತ್ತಿದ್ದಳು. ಅದು ಕಟ್ಟಡದಲ್ಲಿ ಎಲ್ಲರಿಗೂ ನಗುವ ವಿಷಯವಾಗಿತ್ತು.

ಆ ಸೂಪರ್‌ಮಾರ್ಕೆಟ್ಟಿನ ಕಾರ್ಡು ನಾಲ್ಕನೇ ಮೊಳೆಯದು. ಮೊಳೆ ಖಾಲಿಯಿತ್ತು.

ಕಟ್ಟಡದಲ್ಲಿ ಕೂಸಿದ್ದದ್ದು ಒಂದೇ ಮನೆಯಲ್ಲಿ, ಮೂರನೇ ಮಹಡಿಯ ಟೀಚರಮ್ಮನದು. ನಾಲ್ಕು ತಿಂಗಳ ಮಗು. ಟೈಲರಕ್ಕನಿಗೆ ಮಂಡಿನೋವು, ಕಂಬಿ ಹಿಡಿದು ಹತ್ತುವಾಗ ಹುಡುಗಿ ಹೇಳಿದ ಮಾತುಗಳಲ್ಲಿ ಎಷ್ಟು ನೆನಪಿದೆ ಎಂದು ಹುಡುಕಿದಳು. ಬ್ಯಾಚಿನ ನಂಬರು ಕೇಳಿರಲಿಲ್ಲ. ಏನು ಕಾಯಿಲೆ ಎಂದೂ ಕೇಳಿರಲಿಲ್ಲ.

ಬಾಗಿಲು ತೆರೆದ ಟೀಚರಮ್ಮನ ತೋಳಿನಲ್ಲಿ ಮಗು ಇತ್ತು, ಮಗುವಿನ ಬಾಯಲ್ಲಿ ಬಾಟಲಿ. ಟೈಲರಕ್ಕ ಏನೂ ಹೇಳದೆ ಬಾಟಲಿ ಕಿತ್ತುಕೊಂಡಳು. ಮಗು ಕಿರುಚಿತು. ಟೀಚರಮ್ಮ ಒಂದು ಹೆಜ್ಜೆ ಹಿಂದೆ ಸರಿದು ಮಗುವನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. ಅಕ್ಕನಿಗೆ ಬುದ್ಧಿ ಕೆಟ್ಟಿತು ಎಂದೇ ಆ ಕ್ಷಣ ಅನ್ನಿಸಿದ್ದು ಎಂದು ಅವಳು ಆಮೇಲೆ ಹೇಳಿದಳು. ಟೈಲರಕ್ಕ ಉಸಿರು ಹಿಡಿದು ವಿಷಯ ಹೇಳಿದಳು.  ಸೋಮವಾರ ತಾನು ಆ ಅಂಗಡಿಗೆ ಹೋಗಿಲ್ಲ, ಈ ಡಬ್ಬ ಗಂಡ ತಂದದ್ದು, ಎಲ್ಲಿಂದ ತಂದರೋ ಗೊತ್ತಿಲ್ಲ ಎಂದಳು ಟೀಚರಮ್ಮ. ಗಂಡ ಆರು ಗಂಟೆಯ ಬಸ್ಸಿಗೆ ಕೆಲಸಕ್ಕೆ ಹೋಗಿದ್ದ. ಅವನ ಫೋನು ಎತ್ತಲಿಲ್ಲ.

7.44ಕ್ಕೆ ಟೈಲರಕ್ಕ ಬಂದಿದ್ದ ನಂಬರಿಗೆ ತಿರುಗಿ ಫೋನ್ ಮಾಡಿದಳು. ನಿಮ್ಮ ಮುಂದೆ ಒಂಬತ್ತು ಜನ ಇದ್ದಾರೆ ಎಂದಿತು ಒಂದು ಧ್ವನಿ. ಸಂಗೀತ ಶುರುವಾಯಿತು. ಇಬ್ಬರೂ ಅಡುಗೆಮನೆಯಲ್ಲಿ ನಿಂತು ಆ ಸಂಗೀತ ಕೇಳಿದರು. ಮಗು ಹಸಿವಿಗೆ ಅಳುತ್ತಿತ್ತು, ಅಳಲಿ ಎಂದು ಬಿಟ್ಟಿದ್ದರು. ಒಂಬತ್ತು ಎಂಟಾಯಿತು, ಆರಾಯಿತು. ಒಂಬತ್ತು ನಿಮಿಷವಾದ ಮೇಲೆ ಒಬ್ಬ ಗಂಡಸು ಸಿಕ್ಕಿದ.

ಹೆಸರು, ಹುಟ್ಟಿದ ದಿನ ಕೇಳಿ, ನಿಮ್ಮ ಫೈಲು 7.12ಕ್ಕೆ ಮುಗಿದಿದೆಯಲ್ಲ ಎಂದ. ಗ್ರಾಹಕರಿಗೆ ಮಾಹಿತಿ ತಲುಪಿದೆ, ಮನೆಯಲ್ಲಿ ಮಗು ಇಲ್ಲ ಎಂದು ಬರೆದಿದೆ. ಫೈಲು ಮುಗಿದಿದ್ದರೆ ಮತ್ತೆ ತೆರೆಯಿರಿ ಎಂದಳು ಟೈಲರಕ್ಕ. ಅವನು ಬ್ಯಾಚಿನ ನಂಬರು ಓದಿದ. ಟೀಚರಮ್ಮ ಡಬ್ಬ ತಲೆಕೆಳಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಮೂರು ಸಲ ಓದಿಸಿಕೊಂಡಳು. ಅದಲ್ಲ. ಕಂಪನಿಯೂ ಬೇರೆ. ಅವಳು ಅಲ್ಲೇ ಗೋಡೆಗೆ ಒರಗಿ ನೆಲಕ್ಕೆ ಕುಸಿದು ಕೂತು ಮಗುವಿಗೆ ಬಾಟಲಿ ಕೊಟ್ಟಳು.

ಟೈಲರಕ್ಕ ಕೂರಲಿಲ್ಲ. ಈ ಮಗುವಲ್ಲವೆಂದರೆ ಇನ್ನೊಂದು ಮಗು. ಆ ಡಬ್ಬ ಎಲ್ಲೋ ಒಂದು ಅಡುಗೆಮನೆಯಲ್ಲಿ ಈಗಲೂ ಇದೆ.

ಅದರಲ್ಲಿ ಏನಿದೆ ಎಂದು ಅವಳು ಕೇಳಿದಳು. ಅವನು ಹಾಳೆ ನೋಡಿ ಓದಿದ. ಒಂದು ಬಗೆಯ ರೋಗಾಣು. ದೊಡ್ಡವರಿಗೆ ಏನೂ ಆಗುವುದಿಲ್ಲ. ಎರಡು ತಿಂಗಳೊಳಗಿನ ಕೂಸುಗಳಿಗೆ ಮಿದುಳಿನ ಜ್ವರ ಬರಬಹುದು. ಲಕ್ಷಣ: ಮೈ ಬಿಸಿ, ಹಾಲು ಬೇಡವೆನ್ನುವುದು, ಮಂಪರು. ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ. ಡಬ್ಬ ಕೊಂಡವರು ಯಾರು ಎಂದು ಅವಳು ಕೇಳಿದ್ದಕ್ಕೆ, ನೀವೇ ಮೇಡಂ ಎಂದ. ದುಡ್ಡು ನಗದಾಗಿ ಬಂದಿದೆ, ಕಾರ್ಡು ನಿಮ್ಮ ಹೆಸರಿನದು, ನಮ್ಮ ಹತ್ತಿರ ಬೇರೆ ಗುರುತು ಇಲ್ಲ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಆಗ ಅವಳಿಗೆ ಖಾಲಿ ಮೊಳೆ ನೆನಪಾಯಿತು; ಕಾರ್ಡು ಡಬ್ಬ ಕೊಂಡವರ ಜೊತೆಯೇ ಹೋಗಿರಬಹುದು. ಸೋಮವಾರದ ನಂತರ ಆ ಕಾರ್ಡನ್ನು ಎಲ್ಲಾದರೂ ಉಜ್ಜಿದ್ದಾರಾ ಎಂದು ಕೇಳಿದಳು. ಕಾರ್ಡು ನಿಮ್ಮದೇ ಆದ್ದರಿಂದ ಹೇಳಬಹುದು ಎಂದ ಅವನು. ಟೀಚರಮ್ಮ ಒಂದು ಉತ್ತರಪತ್ರಿಕೆಯ ಹಿಂಭಾಗದಲ್ಲಿ ಬರೆದುಕೊಂಡಳು. ಆ ಹಾಳೆ ಈಗಲೂ ಇದೆ. ಅದರಲ್ಲಿ ಇರುವುದು ಇಷ್ಟು:

ಮಂಗಳವಾರ ಬೆಳಿಗ್ಗೆ 6.09, ರೈಲ್ವೆ ನಿಲ್ದಾಣದ ಶಾಖೆ: ಕಾಫಿ, ಬನ್ನು.
ಬುಧವಾರ ಬೆಳಿಗ್ಗೆ 6.07, ಅದೇ ಶಾಖೆ: ಕಾಫಿ, ಬನ್ನು.
ಬುಧವಾರ ಸಂಜೆ 6.38, ನಮ್ಮ ಬೀದಿಯ ಶಾಖೆ: ಥರ್ಮಾಮೀಟರ್ ಒಂದು.
ಬುಧವಾರ ರಾತ್ರಿ 8.51, ಅದೇ ಶಾಖೆ: ಬಾಟಲಿಯ ರಬ್ಬರ್ ತೊಟ್ಟು, ಸಣ್ಣ ತೂತಿನದು, ಎರಡು.
ಗುರುವಾರ ಬೆಳಿಗ್ಗೆ 6.08, ನಿಲ್ದಾಣದ ಶಾಖೆ: ಕಾಫಿ.

ಅವನು ಓದಿ ನಿಲ್ಲಿಸಿದ. ಟೀಚರಮ್ಮ ಪೆನ್ನು ಕೆಳಗಿಟ್ಟಳು.

“ಆ ಮಗು ಹಾಲು ಕುಡೀತಿಲ್ಲ,” ಎಂದಳು. “ತೊಟ್ಟು ಸರಿಯಿಲ್ಲ ಅಂದ್ಕೊಂಡಿದ್ದಾಳೆ.”

ಅಷ್ಟರಲ್ಲಿ ಮಗುವಿನ ಅಳು ಕೇಳಿ ಪಾಯಿಂಟಜ್ಜಿ ಮೇಲೆ ಬಂದಿದ್ದಳು. ವಿಷಯದ ಬಾಲ ಮಾತ್ರ ಅವಳ ಕಿವಿಗೆ ಬಿತ್ತು: ನಮ್ಮ ಕಾರ್ಡನ್ನು ಯಾರೋ ಹೆಂಗಸು ಇಟ್ಟುಕೊಂಡು ಬಳಸುತ್ತಿದ್ದಾಳೆ. ಫೋನಿನಲ್ಲಿ ಆತ ಇರುವಾಗಲೇ ಬ್ಲಾಕ್ ಮಾಡಿಸಿಬಿಡು, ಪಾಯಿಂಟೆಲ್ಲ ಬಳಿದುಕೊಂಡು ಹೋದಾಳು ಎಂದು ಅವಸರ ಮಾಡಿದಳು. ಆತನೂ ಅದಕ್ಕೆ ಸಿದ್ಧನಿದ್ದ.

“ಬೇಡ,” ಎಂದಳು ಟೈಲರಕ್ಕ. “ಅಜ್ಜಿ, ಅವಳು ಎಲ್ಲಿದ್ದಾಳೆ ಅಂತ ಹೇಳೋಕೆ ನಮಗಿರೋದು ಅದೊಂದೇ ಬಾಯಿ. ಅದನ್ನೂ ಮುಚ್ಚಿಸ್ತೀರಾ?”

ಅಜ್ಜಿಗೆ ಪೂರ್ತಿ ವಿಷಯ ತಿಳಿದ ಮೇಲೆ ಅವಳೇ ಬೇಕಾದ ಸಂಗತಿ ಹೇಳಿದಳು. ಸೋಮವಾರ ಸಂಜೆ ಆ ಅಂಗಡಿಗೆ ಹೋದವನು ಲಿಫ್ಟಣ್ಣ. ತಾನೇ ಅವನ ಕೈಯಲ್ಲಿ ಉಪ್ಪು ತರಿಸಿಕೊಂಡದ್ದು. ಕಾರ್ಡು ನೇತುಹಾಕಿದೆಯಾ ಎಂದು ಕೇಳಿದಾಗ, ಹ್ಞೂಂ ಹ್ಞೂಂ ಎಂದು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದ್ದನಂತೆ.

ಲಿಫ್ಟಣ್ಣನ ಫೋನು ರಿಂಗಾಗುತ್ತಲೇ ಇತ್ತು. ಎತ್ತುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಲಿಫ್ಟು ಓಡಾಡುವ ಗುಂಡಿಯೊಳಗೆ ಇಳಿಯುವ ಮುಂಚೆ ಅವನು ಫೋನನ್ನು ಸಲಕರಣೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾನೆ. ಅದು ಅವನ ಕೆಲಸದ ನಿಯಮ. ಒಮ್ಮೆ ಜೊತೆಗಾರನೊಬ್ಬ ಫೋನ್ ಎತ್ತಲು ಹೋಗಿ ಬೆರಳು ಕಳೆದುಕೊಂಡಿದ್ದ. ಈ ವಾರ ಅವನ ಕೆಲಸ ಕಾಲುವೆ ರಸ್ತೆಯ ಒಂದು ಕಚೇರಿ ಕಟ್ಟಡದಲ್ಲಿ. ಟೀಚರಮ್ಮ ಫೋನ್ ಮಾಡುತ್ತಲೇ ಇರಲು ಒಪ್ಪಿಕೊಂಡಳು. ಟೈಲರಕ್ಕ 8.06ಕ್ಕೆ ಹೊರಟಳು.

ನಡೆದದ್ದು ಹದಿನಾಲ್ಕು ನಿಮಿಷ. ದಾರಿಯಲ್ಲಿ ಮೂರು ತಳ್ಳುಗಾಡಿಗಳಲ್ಲಿ ಮೂರು ಮಕ್ಕಳು ಎದುರಾದವು. ಮೂರರ ಮುಖವನ್ನೂ ಅವಳು ಬಗ್ಗಿ ನೋಡಿದಳು. ಮೂರನೆಯ ಮಗುವಿನ ತಾಯಿ, ಏನು ಬೇಕಿತ್ತು ಎಂದು ಗದರಿದಳು.

ಕಚೇರಿಯ ವಾಚ್‌ಮನ್ ಅವಳನ್ನು ಒಳಗೆ ಬಿಡಲಿಲ್ಲ. ಲಿಫ್ಟ್ ರಿಪೇರಿ ನಡೆಯುತ್ತಿದೆ, ಬಾಗಿಲು ತೆರೆದಿದೆ, ಯಾರೂ ಹತ್ತಿರ ಹೋಗುವಂತಿಲ್ಲ ಎಂದ. ಅವಳು ಬೇಡಿಕೊಂಡಳು. ಅವನು ಬೋರ್ಡು ತೋರಿಸಿದ. ಕೊನೆಗೆ ಅವಳು ಅಲ್ಲಿಂದಲೇ ಕೂಗಿದಳು. ಇಪ್ಪತ್ತೇಳು ವರ್ಷ ಹೊಲಿಗೆಯ ಯಂತ್ರದ ಸದ್ದಿನ ಮೇಲೆ ಮಾತಾಡಿದ ಗಂಟಲು ಅದು, ಗುಂಡಿಯೊಳಗೆ ಮೇಲಿನವರೆಗೂ ಕೇಳಿಸಿತು. 8.31ಕ್ಕೆ ಲಿಫ್ಟಣ್ಣ ನಾಲ್ಕನೇ ಮಹಡಿಯಿಂದ ಮೆಟ್ಟಿಲಿಳಿದು ಬಂದ. ಕೈಯೆಲ್ಲ ಗ್ರೀಸು. ಅವಳ ಮುಖ ನೋಡಿದವನೇ ತಪ್ಪೊಪ್ಪಿಗೆ ಶುರು ಮಾಡಿದ.

“ಅಕ್ಕ, ಕಾರ್ಡು ಎಲ್ಲೂ ಹೋಗಲ್ಲ. ಹೊಸದು ಮಾಡಿಸಿಕೊಡ್ತೀನಿ. ಅಜ್ಜಿಗೆ ಮಾತ್ರ ಹೇಳ್ಬೇಡಿ.”

“ಕಾರ್ಡು ಹಾಳಾಗಿಹೋಗ್ಲಿ. ಯಾರಿಗೆ ಕೊಟ್ಟೆ?”

ಅವನು ಹೇಳಿದ್ದು ಹೀಗೆ. ಕ್ಯೂನಲ್ಲಿ ಅವನ ಮುಂದೆ ಒಬ್ಬ ಹೆಂಗಸಿದ್ದಳು. ಹಾಲಿನ ಪುಡಿಯ ಎರಡು ಡಬ್ಬ ಮುಂದಿಟ್ಟುಕೊಂಡು ಈ ಅಂಗಡಿಯ ಕಾರ್ಡನ್ನು ಹುಡುಕುತ್ತಿದ್ದಳು. ಪರ್ಸಿನಿಂದ ಒಂದೊಂದೇ ತೆಗೆದು ಸಾಲಾಗಿ ಇಡುತ್ತಿದ್ದಳು. ಇಪ್ಪತ್ತಕ್ಕೆ ಕಡಿಮೆಯಿರಲಿಲ್ಲ. ಹಿಂದಿನಿಂದ ಯಾರೋ, ತಾಯಿ, ಈ ಜನ್ಮದಲ್ಲಿ ಮುಗಿಯುತ್ತಾ ಎಂದರು. ಅವಳ ಕಿವಿ ಕೆಂಪಾಯಿತು. ಬಸ್ಸಿದೆ, ಬಸ್ಸಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಲಿಫ್ಟಣ್ಣ ಅಜ್ಜಿಯ ಉಪದೇಶದಂತೆ ಕಾರ್ಡು ಚಾಚಿದ. ಕೌಂಟರಿನವಳು ಅದನ್ನು ಉಜ್ಜಿ ಆ ಸಾಲಿನ ಪಕ್ಕದಲ್ಲೇ ಇಟ್ಟಳು. ಹೆಂಗಸು ಎಲ್ಲವನ್ನೂ ಒಂದೇ ಬಾಚಿಗೆ ಬಾಚಿ ಪರ್ಸಿಗೆ ಸುರಿದುಕೊಂಡು ಓಡಿದಳು. ಅವನು ಬಾಗಿಲಿಗೆ ಹೋಗುವಷ್ಟರಲ್ಲಿ ಬಸ್ಸು ಹೊರಟಿತ್ತು.

ಮುಖ ಅವನಿಗೆ ನೆನಪಿರಲಿಲ್ಲ. ಕೋಟು ನೆನಪಿತ್ತು: ಕಡುಹಸಿರು, ಹೆಗಲ ಮೇಲೆ ಬಿಳಿ ಪಟ್ಟಿ. ಕಚೇರಿಗಳನ್ನು ಗುಡಿಸಿ ಒರೆಸುವ ಗುತ್ತಿಗೆಯವರ ಕೋಟು ಅದು. ಅವನು ಲಿಫ್ಟು ನೋಡುವ ಮೂರು ಕಟ್ಟಡಗಳಲ್ಲಿ ಅವರೇ ಕೆಲಸ ಮಾಡುತ್ತಿದ್ದರು, ಮತ್ತು ಅವರ ಸೂಪರ್‌ವೈಸರ್ ಒಮ್ಮೆ ಲಿಫ್ಟಿನಲ್ಲಿ ಸಿಕ್ಕಿಕೊಂಡಾಗ ಹೊರಗೆ ಎಳೆದವನು ಇವನೇ. ನಂಬರಿತ್ತು.

8.36ಕ್ಕೆ ಸೂಪರ್‌ವೈಸರ್ ಫೋನ್ ಎತ್ತಿದ. ಮೊದಲು ಒಪ್ಪಲಿಲ್ಲ. ನಲವತ್ತೆರಡು ಹೆಣ್ಣುಮಕ್ಕಳು ತನ್ನ ಕೈಕೆಳಗಿದ್ದಾರೆ, ಅವರ ಮನೆ ಎಲ್ಲಿ, ಮಗು ಯಾರಿಗಿದೆ ಎಂದು ಕೇಳಿದವರಿಗೆಲ್ಲ ಹೇಳುತ್ತಾ ಹೋದರೆ ನಾಳೆ ಯಾವನಾದರೂ ಕುಡುಕ ಗಂಡ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ ಎಂದ. ಅದು ಸರಿಯೇ ಎಂದು ಟೈಲರಕ್ಕ ಒಪ್ಪಿದಳು. ನಮಗೇನೂ ಹೇಳಬೇಡಿ, ಸೋಮವಾರ ಸಂಜೆ ಹಾಲಿನ ಪುಡಿ ಕೊಂಡವರು ಯಾರು ಎಂದು ಅವರನ್ನೇ ಕೇಳಿ ಎಂದಳು. ಹತ್ತು ಗಂಟೆಗೆ ಚಹಾ ವಿರಾಮ ಇದೆ, ಆಗ ಕೇಳುತ್ತೇನೆ ಎಂದ ಅವನು. ಕೆಲಸದ ಹೊತ್ತಿನಲ್ಲಿ ಅವರ ಫೋನೆಲ್ಲ ಲಾಕರಿನಲ್ಲಿರುತ್ತವೆ, ಒಂಬತ್ತು ಕಡೆ ಜನ ಹಂಚಿಹೋಗಿದ್ದಾರೆ, ಈಗ ಕೆಲಸ ನಿಲ್ಲಿಸಿದರೆ ತನ್ನನ್ನು ಕೇಳುವವರಿದ್ದಾರೆ.

“ನಿನ್ನೆ ಸಂಜೆ ಅವಳು ಥರ್ಮಾಮೀಟರ್ ತಗೊಂಡಿದ್ದಾಳೆ ಸಾರ್,” ಎಂದಳು ಟೈಲರಕ್ಕ. “ರಾತ್ರಿ ಹೊಸ ತೊಟ್ಟು ತಗೊಂಡಿದ್ದಾಳೆ. ಹತ್ತು ಗಂಟೆ ಅಂದ್ರೆ ಇನ್ನೊಂದು ಸಲ ಹಾಲು ಕುಡಿಸೋ ಹೊತ್ತು ಕಳೆದಿರತ್ತೆ.”

 ಫೋನ್ ಖಾಲಿ ಬಿಟ್ಟಿರಿ ಎಂದು ಹೇಳಿ ಅವನು ಇಟ್ಟುಬಿಟ್ಟ.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ವಾಚ್‌ಮನ್ ಒಂದು ಲೋಟ ನೀರು ತಂದುಕೊಟ್ಟ. ಲಿಫ್ಟಣ್ಣ, ನಾನು ಸೋಮವಾರವೇ ಹೇಳಿದ್ದರೆ ಎಂದು ಶುರು ಮಾಡಿದ.  ಟೈಲರಕ್ಕ ಲೆಕ್ಕ ಹಾಕುತ್ತಿದ್ದದ್ದು ಏಳು ಹತ್ತರಿಂದ ಏಳು ಮೂವತ್ತೈದರವರೆಗಿನ ಇಪ್ಪತ್ತೈದು ನಿಮಿಷವನ್ನು. ಆ ಹೊತ್ತಿನಲ್ಲಿ ಒಂದು ಕೋಟಿನ ಬಲತೋಳು ಪೂರ್ತಿ ಬಿಚ್ಚಿದ್ದಳು. ಹುಡುಗಿಯನ್ನು ನಗಿಸಲು ನೋಡಿದ್ದಳು.

8.58ಕ್ಕೆ ಫೋನ್ ಬಂತು. ಮಾತಾಡಿದ್ದು ಆ ಹೆಂಗಸೇ. ಬ್ಯಾಂಕೊಂದರ ಏಳನೇ ಮಹಡಿಯಲ್ಲಿ ಸಿಕ್ಕಿದ್ದಳು.

“ಅಕ್ಕ, ನಾನು ಕದ್ದಿಲ್ಲ ಅಕ್ಕ. ನಂದೇ ಅಂದ್ಕೊಂಡಿದ್ದೆ. ಎಲ್ಲಾ ಒಂದೇ ಥರ ಇರ್ತಾವೆ.”

ಕಾರ್ಡಿನ ಮಾತು ಬಿಡು, ಡಬ್ಬ ತೆರೆದಿದ್ದೀಯಾ ಎಂದು ಟೈಲರಕ್ಕ ಕೇಳಿದಳು. ಸೋಮವಾರ ರಾತ್ರಿಯೇ ತೆರೆದಿದ್ದಳು. ಮಗುವಿಗೆ ಅಂದಿಗೆ ಮೂವತ್ತಾರು ದಿನ. ನಿನ್ನೆಯಿಂದ ಮೈ ಬೆಚ್ಚಗಿದೆ. ಇಂದು ಸಂಜೆ ನಾಲ್ಕಕ್ಕೆ ಡಾಕ್ಟರ್ ಸಮಯ ಕೊಟ್ಟಿದ್ದಾರೆ. ರಜೆ ಸಿಗದ್ದರಿಂದ ಕೆಲಸಕ್ಕೆ ಬಂದಿದ್ದಾಳೆ. ಮನೆಯಲ್ಲಿ ತಾಯಿ ನೋಡಿಕೊಳ್ಳುತ್ತಿದ್ದಾಳೆ. ತಾಯಿಗೆ ಈಗಲೇ ಫೋನ್ ಮಾಡು ಎಂದರೆ ಅವಳು ಅಳತೊಡಗಿದಳು. ಮಗು ಮಲಗಿದಾಗ ಸದ್ದಾಗದಿರಲೆಂದು ತಾಯಿ ಫೋನನ್ನು ಪೂರ್ತಿ ಆಫ್ ಮಾಡಿಟ್ಟುಬಿಡುತ್ತಾಳೆ. ಸೂಪರ್‌ವೈಸರ್ ಆಗಲೇ ನಾಲ್ಕು ಸಲ ಮಾಡಿ ನೋಡಿದ್ದ.

ವಿಳಾಸ ಹೇಳಿದಳು. ಬ್ಯಾಂಕಿನಿಂದ ಅಲ್ಲಿಗೆ ನಲವತ್ತು ನಿಮಿಷ. ಕಾಲುವೆ ರಸ್ತೆಯಿಂದ ಲಿಫ್ಟಣ್ಣನ ಮೋಟರ್‌ಸೈಕಲ್ಲಿನಲ್ಲಿ ಹತ್ತಿರ. ಅವಳು ಟ್ಯಾಕ್ಸಿಯಲ್ಲಿ ನೇರ ಮಕ್ಕಳ ಆಸ್ಪತ್ರೆಗೆ ಬರುವುದು, ಇವರು ಮಗುವನ್ನು ಅಲ್ಲಿಗೆ ತರುವುದು ಎಂದು ಮಾತಾಯಿತು. ತಾಯಿ ನಂಬಬೇಕಲ್ಲ ಎಂದು ಅವಳು, ತೊಟ್ಟಿಲ ಕೆಳಗೆ ನೀಲಿ ಸೂಟ್‌ಕೇಸಿದೆ, ಅದರ ಬೀಗ ಕೆಟ್ಟಿದೆ ಅನ್ನಿ, ಮನೆಯವರಿಗೆ ಮಾತ್ರ ಗೊತ್ತು ಎಂದಳು.

ಗ್ರೀಸಿನ ಕೈಯಲ್ಲೇ ಅವನು ಗಾಡಿ ಓಡಿಸಿದ. ಎರಡು ಸಿಗ್ನಲ್ಲಿನಲ್ಲಿ ನಿಂತ, ಒಂದರಲ್ಲಿ ನಿಲ್ಲಲಿಲ್ಲ. 9.16ಕ್ಕೆ ಅವರು ಆ ಬಾಗಿಲು ತಟ್ಟಿದರು.

ಒಳಗಿನಿಂದ ಉತ್ತರ ಬರಲು ಸಮಯ ಹಿಡಿಯಿತು. ಬಾಗಿಲು ಸರಪಳಿಯಷ್ಟು ತೆರೆಯಿತು. ಒಂದು ಕಣ್ಣು, ಒಂದು ಕೈ, ಆ ಕೈಯಲ್ಲಿ ಹಾಲಿನ ಬಾಟಲಿ. ತಟ್ಟಬೇಡಿ, ಮಗು ಮಲಗಿದೆ ಎಂದು ಮುದುಕಿ ಪಿಸುಗುಟ್ಟಿದಳು. ಟೈಲರಕ್ಕ ನೀಲಿ ಸೂಟ್‌ಕೇಸಿನ ಮಾತು ಹೇಳಿದಳು. ಮುದುಕಿ ಅವಳನ್ನೂ ಹಿಂದೆ ನಿಂತ ಕಪ್ಪು ಕೈಯ ಗಂಡಸನ್ನೂ ನೋಡಿ ಬಾಗಿಲು ಮುಚ್ಚಲು ಹೋದಳು. ಟೈಲರಕ್ಕ ಸಂದಿಗೆ ಕಾಲು ಕೊಟ್ಟಳು. ಚಪ್ಪಲಿಯೊಳಗೆ ಹೆಬ್ಬೆರಳು ಜಜ್ಜಿತು.

“ಅಮ್ಮ, ನಾನೂ ಹೆತ್ತವಳೇ. ನಿಮ್ಮ ಮಗಳೇ ಕಳಿಸಿದ್ದು. ಆ ಬಾಟ್ಲಿ ಮಗೂಗೆ ಕೊಟ್ರಾ?”

“ಒಂಬತ್ತಕ್ಕೆ ಕೊಟ್ಟೆ, ಬಾಯೇ ಬಿಡಲಿಲ್ಲ. ಏಳೂವರೆಗೆ ಸ್ವಲ್ಪ ಕುಡೀತು,” ಎಂದಳು ಮುದುಕಿ. ಆಮೇಲೆ ಮಗುವಿನ ಪರ ಮಾತಾಡುವವಳಂತೆ ಸೇರಿಸಿದಳು: “ನಿನ್ನೆ ಇಡೀ ದಿನ ಗಲಾಟೆ. ಇವತ್ತು ಅಳ್ತಾನೇ ಇಲ್ಲ. ತುಂಬ ಒಳ್ಳೇ ಮಗು.”

 ಏನು ಹೇಳಿ ಸರಪಳಿ ತೆಗೆಸಿದಳೋ ಟೈಲರಕ್ಕನಿಗೆ ನೆನಪಿಲ್ಲ. ಲಿಫ್ಟಣ್ಣನ ಪ್ರಕಾರ ಅವಳು ಏನೂ ಹೇಳಲಿಲ್ಲ, ಕೈ ಮುಗಿದಳು.

ಒಂದೇ ಕೋಣೆ. ಕಿಟಕಿಗೆ ಹೊದಿಕೆ ಕಟ್ಟಿತ್ತು. ಅಡುಗೆಯ ಕಟ್ಟೆಯ ಮೇಲೆ ಒಂದು ಡಬ್ಬ ಖಾಲಿಯಾಗುತ್ತಾ ಬಂದಿತ್ತು, ಇನ್ನೊಂದು ತೆರೆದಿರಲಿಲ್ಲ. ಲಿಫ್ಟಣ್ಣ ಎರಡನ್ನೂ ತಿರುಗಿಸಿ ನಂಬರು ನೋಡಿ, ಅದೇ ಎಂದು ತಲೆಯಾಡಿಸಿ ಚೀಲಕ್ಕೆ ಹಾಕಿಕೊಂಡ. ತೊಟ್ಟಿಲಿನಲ್ಲಿ ಮಗು ಕಣ್ಣು ಅರ್ಧ ತೆರೆದು ಮಲಗಿತ್ತು. ಟೈಲರಕ್ಕ ಎತ್ತಿಕೊಂಡಳು. ಕುತ್ತಿಗೆ ಬಿಸಿಯಾಗಿತ್ತು, ಅಂಗಾಲು ತಣ್ಣಗಿತ್ತು. ಅಂಗಾಲನ್ನು ಉಗುರಿನಿಂದ ಗೀರಿದಳು. ಮಗು ಕಾಲು ಎಳೆದುಕೊಳ್ಳಲಿಲ್ಲ.

ಮೋಟರ್‌ಸೈಕಲ್ಲಿನ ಮೇಲೆ ಕೂಸನ್ನು ಒಯ್ಯುವಂತಿರಲಿಲ್ಲ. ಲಿಫ್ಟಣ್ಣ ರಸ್ತೆಯ ನಡುವೆ ನಿಂತು ಮೊದಲು ಬಂದ ಗಾಡಿಯನ್ನು ತಡೆದ. ಬ್ರೆಡ್ಡು ಹಂಚುವ ವ್ಯಾನು. ಟೈಲರಕ್ಕ ಮಗುವನ್ನು ಎದೆಗವಚಿಕೊಂಡು ಮುಂದೆ ಕೂತಳು, ಮುದುಕಿ ಹಿಂದೆ ಟ್ರೇಗಳ ನಡುವೆ. ಡಬ್ಬಗಳ ಚೀಲ ಹಿಡಿದು ಲಿಫ್ಟಣ್ಣ ಮೋಟರ್‌ಸೈಕಲ್ಲಿನಲ್ಲಿ ಬೆನ್ನಿಗೇ ಬಂದ. ದಾರಿಯುದ್ದಕ್ಕೂ ಟೈಲರಕ್ಕ ಬೆರಳನ್ನು ಮಗುವಿನ ಮೂಗಿನ ಕೆಳಗೆ ಹಿಡಿದಿದ್ದಳು. ಒಮ್ಮೆ ಉಸಿರು ತಾಗಲಿಲ್ಲ ಎನ್ನಿಸಿತು. ಆಮೇಲೆ ತಾಗಿತು. ಹಿಂದಿನಿಂದ ಮುದುಕಿ, ನಾನೇ ಕುಡಿಸಿದೆ, ನನ್ನ ಕೈಯಾರೆ ಕುಡಿಸಿದೆ ಎನ್ನುತ್ತಲೇ ಇದ್ದಳು. ವ್ಯಾನಿನವನು ಹಾರ್ನ್ ಮೇಲೆ ಕೈಯಿಟ್ಟು ಓಡಿಸಿದ.

9.41ಕ್ಕೆ ಮಕ್ಕಳ ಆಸ್ಪತ್ರೆ. ಡಬ್ಬದ ತಳದ ನಂಬರು ನೋಡಿದ ಡಾಕ್ಟರಮ್ಮ ಪ್ರಶ್ನೆ ಕೇಳುವುದನ್ನು ನಿಲ್ಲಿಸಿ ಮಗುವನ್ನು ಒಳಗೆ ಒಯ್ದಳು. ಆ ಬ್ಯಾಚಿನ ಡಬ್ಬದಿಂದ ಬಂದ ಎರಡನೇ ಮಗು ಅದು ಎಂದು ನರ್ಸ್ ಹೇಳಿದಳು. ಮೊದಲನೆಯದರ ವಿಷಯ ಯಾರೂ ಕೇಳಲಿಲ್ಲ.

ಹೆಂಗಸು ಹತ್ತು ಗಂಟೆಗೆ ಹಸಿರು ಕೋಟಿನಲ್ಲೇ ಬಂದಳು. ಲಿಫ್ಟಣ್ಣ ಹೇಳಿದಂತೆ ಮುಖ ನೆನಪಿನಲ್ಲಿ ನಿಲ್ಲುವಂಥದಲ್ಲ; ವಯಸ್ಸು ಇಪ್ಪತ್ತೈದರ ಒಳಗೆ. ಅವಳನ್ನು ಗಾಜಿನ ಬಾಗಿಲಿನಾಚೆ ಬಿಡಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಟೈಲರಕ್ಕನ ಪಕ್ಕ ಕೂತಳು. ಟೈಲರಕ್ಕ ಆ ಹೊತ್ತಿಗೆ ಹೇಳಬೇಕಾದ್ದನ್ನು ಮೂರು ಸಲ ಬಾಯೊಳಗೆ ಹೇಳಿಕೊಂಡಿದ್ದಳು. ಮುಚ್ಚಿಡಬಹುದಿತ್ತು. ಆಸ್ಪತ್ರೆಯಲ್ಲಿದ್ದ ಯಾರಿಗೂ ಅದು ಗೊತ್ತಿರಲಿಲ್ಲ.

“ನಂಗೆ ಏಳು ಹತ್ತಕ್ಕೇ ಫೋನ್ ಬಂದಿತ್ತಮ್ಮ,” ಎಂದಳು. “ನಿಮ್ಮಮ್ಮ ಏಳೂವರೆಗೆ ಕುಡಿಸೋಕೆ ಮುಂಚೆ. ನಾನು ತಮಾಷೆ ಮಾಡಿ ಇಟ್ಟುಬಿಟ್ಟೆ.”

ಹೆಂಗಸು ಅವಳ ಕಡೆ ತಿರುಗಿ ನೋಡಿದಳು.  ಎದ್ದು ಹೋಗಿ ಎದುರಿನ ಬೆಂಚಿನಲ್ಲಿ ತಾಯಿಯ ಪಕ್ಕ ಕೂತಳು.

ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದಾಗ ಟೈಲರಕ್ಕ ಅವಳನ್ನು ಪಕ್ಕಕ್ಕೆ ಕರೆದು ಆ ಒಂದು ಸಲದ ಹಾಲಿನ ಬಗ್ಗೆ ಕೇಳಿದಳು. ಸೋಮವಾರ ರಾತ್ರಿಯಿಂದ ಇಪ್ಪತ್ತಕ್ಕೂ ಹೆಚ್ಚು ಸಲ ಕುಡಿದಿದೆ, ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ ಎಂದಳು ಡಾಕ್ಟರಮ್ಮ. ಹೇಳಲು ಬರುವುದಿಲ್ಲ ಎಂದರೆ ಇಲ್ಲ ಎಂದಲ್ಲ ಎನ್ನುವುದು ಟೈಲರಕ್ಕನಿಗೆ ಅರ್ಥವಾಯಿತು.

ಮಗು ಮಿದುಳಿನ ಜ್ವರಕ್ಕೆ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿತ್ತು. ಇಪ್ಪತ್ತನೇ ದಿನ ಮನೆಗೆ ಕಳಿಸಿದರು. ನಾಲ್ಕನೇ ತಿಂಗಳಲ್ಲಿ ಮಾಡಿದ ಪರೀಕ್ಷೆಯಲ್ಲಿ ಅದಕ್ಕೆ ಎಡಗಿವಿ ಕೇಳಿಸುವುದಿಲ್ಲ ಎಂದು ತಿಳಿಯಿತು. ಬಲಗಿವಿ ಕೇಳಿಸುತ್ತದೆ.